ಮಾತು ಬಿಟ್ಟವರ ಪಟ್ಟಿ

ಸೇಡಂ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಬಸವಂತಪ್ಪನವರು ಒಂದು ದಿನ ನನ್ನ ಸಾಮಾನಿನ ಚೀಟಿಯನ್ನು ಬೆಳಕಿಗೆ ಹಿಡಿದರು. ಕನ್ನಡಕ ಏರಿಸಿದರು, ಇಳಿಸಿದರು, ಕೊನೆಗೆ ಕೇಳಿಯೇಬಿಟ್ಟರು.

“ಅಕ್ಕಾರ, ತೊಗರಿ ಬ್ಯಾಳಿ ಎರಡು ಕೇಜಿ, ತಿಳೀತು. ಶೇಂಗಾ ಒಂದು ಕೇಜಿ, ತಿಳೀತು. ಪ್ರತಿ ಸಾಲಿನ ಕಡೀಗಿ ಒಂದು ಚುಕ್ಕಿ, ಅದರ ಕೆಳಗ ಒಂದು ಬಾಲ ಹಚ್ಚೀರಲ್ಲ, ಅದೇನು ಸಾಮಾನ್ರಿ? ನಮ್ಮಲ್ಲಿ ಇಲ್ಲಂತ ಕಾಣ್ತದ.”

ಅದು ಅರ್ಧವಿರಾಮ. ಒಂದು ಕಾಲಕ್ಕೆ ನಾನು ಹೈದರಾಬಾದಿನ ಆಫೀಸೊಂದರಲ್ಲಿ ಕೂತು ಪ್ರೋಗ್ರಾಂ ಬರೆಯುತ್ತಿದ್ದೆ. ಆಗ ಪ್ರತಿ ಸಾಲಿನ ಕೊನೆಗೆ ಅದನ್ನು ಹಾಕದಿದ್ದರೆ ಕಂಪ್ಯೂಟರ್ ಮುನಿಸಿಕೊಳ್ಳುತ್ತಿತ್ತು. ತಲೆ ಆ ವಿದ್ಯೆಯನ್ನು ಮರೆತು ಹದಿಮೂರು ವರ್ಷವಾಗಿದ್ದರೂ ಕೈ ಮಾತ್ರ ಹೇಳದೆ ಕೇಳದೆ ಬೇಳೆ, ಬೆಲ್ಲ, ಸಾಬೂನುಗಳಿಗೆ ಬಾಲ ಹಚ್ಚುತ್ತ ಕೂತಿತ್ತು. ಬಸವಂತಪ್ಪನವರಿಗೆ ಇದನ್ನೆಲ್ಲ ಹೇಗೆ ವಿವರಿಸಲಿ? “ಅದು ನಮ್ಮ ಮನೀ ಗುರುತ್ರಿ” ಎಂದೆ. “ಹಂಗಂದ್ರ ಸರಿ” ಎಂದು ಅವರು ತಕ್ಕಡಿಗೆ ಕೈ ಹಾಕಿದರು.

ನಾನು ಆ ಕೆಲಸ ಬಿಟ್ಟೆ ಎಂದು ಹೇಳಲಾರೆ. ಒಂದು ಕಡೆ ಇಟ್ಟೆ, ಎಲ್ಲಿಟ್ಟೆನೆಂದು ಮರೆತೆ. ಮೊದಲು ಮಗಳು ಹುಟ್ಟಿದಳು, ಆಮೇಲೆ ಮಗ. ಅಷ್ಟರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಕೃಷಿ ಇಲಾಖೆಯಲ್ಲಿರುವ ನಮ್ಮ ಯಜಮಾನರಿಗೆ ಚಿಂಚೋಳಿಗೆ ವರ್ಗವಾಯಿತು. ನಂತರ ಕೊರೊನಾ ಬಂತು. ಇವೆಲ್ಲ ಒಳ್ಳೆಯ ಕಾರಣಗಳು, ಹೇಳಿದರೆ ಜನ ತಲೆದೂಗುತ್ತಿದ್ದರು. ಆದರೆ ಕೊನೆಯ ನಾಲ್ಕೈದು ವರ್ಷಕ್ಕೆ ಯಾವ ಕಾರಣವೂ ಇರಲಿಲ್ಲ. ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಅತ್ತೆ ಕೋಲೂರಿಕೊಂಡು ಓಣಿಯ ಸುದ್ದಿಯನ್ನೆಲ್ಲ ಹೊತ್ತು ತರುವಷ್ಟು ಗಟ್ಟಿಯಾಗಿದ್ದರು. ನನಗೆ ಬರೀ ಅಂಜಿಕೆಯಾಗಿತ್ತು. ಅಂಜಿಕೆಯನ್ನು ನಮ್ಮಲ್ಲಿ ಯಾರೂ ಕಾರಣವೆಂದು ಒಪ್ಪುವುದಿಲ್ಲ, ಹಾಗಾಗಿ ‘ಪುರುಸೊತ್ತಿಲ್ಲ’ ಎನ್ನುತ್ತಿದ್ದೆ.

ಓಣಿಯವರಿಗೆ ಮಾತ್ರ ನನ್ನ ಮೇಲೆ ಅಪಾರ ನಂಬಿಕೆ. ಅವರ ಬಾಯಲ್ಲಿ ನಾನು ‘ಕಂಪ್ಯೂಟರ್ ಅಕ್ಕ’. ಕಂಪ್ಯೂಟರ್ ಕಲಿತವರು ಕರೆಂಟಿನಿಂದ ನಡೆಯುವ ಎಲ್ಲದಕ್ಕೂ ಜವಾಬ್ದಾರರು ಎಂಬುದು ನಮ್ಮ ಕಡೆಯ ತಿಳಿವಳಿಕೆ. ಟಿವಿ ರಿಮೋಟು, ಮಿಕ್ಸಿ, ಮೊಬೈಲು, ಮಾಳಿಗೆ ಮೇಲಿನ ನೀರಿನ ಮೋಟಾರು ಎಲ್ಲವೂ ನನ್ನ ಬಾಗಿಲಿಗೆ ಬಂದವು. ಒಬ್ಬರು ಕುಕ್ಕರ್ ತಂದು “ಸೀಟಿ ಹೊಡೀವಲ್ದು ನೋಡ್ರಿ” ಎಂದರು. ಇದು ಕರೆಂಟಿನಿಂದ ನಡೆಯುವುದಿಲ್ಲ ಎಂದೆ. “ಅದಕ್ಕೇ ಕೆಟ್ಟಿರಬೇಕ್ರಿ” ಎಂದರು. ಸೀಟಿ ಬಿಚ್ಚಿ, ಒಳಗೆ ಕೂತಿದ್ದ ಬೇಳೆ ಕೆರೆದು ತೆಗೆದು ಕೊಟ್ಟೆ. ಹದಿಮೂರು ವರ್ಷದ ನನ್ನ ತಾಂತ್ರಿಕ ಸಾಧನೆಯಲ್ಲಿ ಅದೇ ದೊಡ್ಡದು.

ಹೀಗಿರುವಾಗ ಫರ್ಜಾನಾ ಫೋನ್ ಮಾಡಿದಳು. ಅವಳು ಚಿತ್ತಾಪುರದವಳು. ಹೈದರಾಬಾದಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಡಬ್ಬಿಯ ಶೇಂಗಾ ಹಿಂಡಿ ಖಾಲಿ ಮಾಡುತ್ತಿದ್ದವಳು. ನಾನು ಬಂದ ಮೇಲೂ ಅಲ್ಲೇ ಉಳಿದು ಈಗ ಒಂದು ತಂಡಕ್ಕೆ ಮುಖ್ಯಸ್ಥೆಯಾಗಿದ್ದಾಳೆ.

“ಶಶಿ, ನಮ್ಮ ತಂಡದಾಗ ಒಂದು ಜಾಗ ಖಾಲಿ ಅದ. ಮನ್ಯಾಗ ಕುಂತೇ ಮಾಡಬಹುದು. ಲೇಕಿನ್ ನಿನ್ನ ಹಳೇ ಕಾಗದ ಬ್ಯಾಡ. ಈಗ ಬರದದ್ದು ಒಂದು ಪ್ರೋಗ್ರಾಂ ಕಳಸು. ಸಣ್ಣದಾದ್ರೂ ನಡೀತದ. ನಿನ್ನ ಕೈಲೆ ಬರದದ್ದಿರಬೇಕು, ಯಾರಾದ್ರೂ ಖರೇನ ಅದನ್ನ ಉಪಯೋಗ ಮಾಡ್ಲಿಕತ್ತಿರಬೇಕು. ಈ ತಿಂಗಳ ಕಡೀ ತನಾ ಜಾಗ ಹಿಡದಿಡ್ತೀನಿ.”

“ನೋಡ್ತೀನಿ ಫರ್ಜಾನಾ, ಜರಾ ಪುರುಸೊತ್ತು...”

“ಪುರುಸೊತ್ತಿನ ಮಾತು ನನ್ನ ಮುಂದ ಆಡಬ್ಯಾಡ. ಅಂಜಿಕಿ ಆಗ್ಯದ ಅಂತ ಹೇಳು, ಈಗೇ ಬಿಡ್ತೀನಿ.”

ಅಂಜಿಕೆ ಎಂದು ಹೇಳಲು ಅಂಜಿಕೆಯಾಗಿ “ಕಳಸ್ತೀನಿ” ಎಂದುಬಿಟ್ಟೆ. ಆ ಕೆಲಸ ನನಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಬೇಡವೆಂದು ಹದಿಮೂರು ವರ್ಷ ಹೇಳಿಕೊಂಡು ತಿರುಗುವಷ್ಟು. ಈಗ ಬರೆಯಲಾಗದಿದ್ದರೆ ಇನ್ನು ಯಾವತ್ತೂ ಬರೆಯಲಾರೆ ಎಂದು ನನಗೆ ನಾನೇ ಒಪ್ಪಿಕೊಳ್ಳಬೇಕಾಗುತ್ತಿತ್ತು.

ಮಗಳ ಲ್ಯಾಪ್‌ಟಾಪ್ ತೆಗೆದುಕೊಂಡು ಮಾಳಿಗೆ ಹತ್ತಿದೆ, ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಲ್ಲೇ. ಮೊದಲ ಎರಡು ದಿನ ಯಾವ ಭಾಷೆಯಲ್ಲಿ ಬರೆಯಬೇಕೆಂಬ ಚಿಂತೆಯಲ್ಲೇ ಹೋಯಿತು. ನಾನು ಕಲಿತ ಭಾಷೆ ಸತ್ತಿದೆ ಎಂದು ವಿಡಿಯೊದಲ್ಲಿ ಒಬ್ಬ ಹೇಳಿದ. ಸತ್ತಿಲ್ಲ, ಮುಪ್ಪಾಗಿದೆ ಎಂದು ಇನ್ನೊಬ್ಬ. ಮೂರನೆಯವನು ‘ಗೆಳೆಯರೇ, ಇದು ತುಂಬ ಸುಲಭ’ ಎಂದು ಶುರು ಮಾಡಿ, ಅರ್ಧ ಗಂಟೆಯಲ್ಲಿ ಇಪ್ಪತ್ತು ಸಲ ಸುಲಭ ಎಂದ. ಅವನು ಸುಲಭ ಎಂದಲ್ಲೆಲ್ಲ ನನ್ನ ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಲ್ಯಾಪ್‌ಟಾಪ್ ಹಳೆಯದು ಎಂದೆ, ಬಿಸಿಲು ಜಾಸ್ತಿ ಎಂದೆ, ಕುರ್ಚಿ ಕುಂಟುತ್ತದೆ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲದ ಜೊತೆಗೆ ಮಾಳಿಗೆಯನ್ನೂ ಸೇರಿಸಿದೆ.

ಆತ್ಮವಿಶ್ವಾಸ ಮರಳಿ ಪಡೆಯುವುದು ಹೇಗೆ ಎಂದು ಹೇಳಿಕೊಡುವ ಮೇಡಂ ಒಬ್ಬರೂ ಸಿಕ್ಕರು. ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ನಿಂತು ‘ನನಗೆ ಬರುತ್ತದೆ’ ಎಂದು ಹತ್ತು ಸಲ ಹೇಳಬೇಕಂತೆ. ಹೇಳಿದೆ. ಎರಡನೆಯ ದಿನ ಅದು ಅತ್ತೆಯ ಕಿವಿಗೆ ಬಿತ್ತು. ಸೊಸೆ ಒಬ್ಬಳೇ ನಿಂತು ‘ಬರುತ್ತದೆ, ಬರುತ್ತದೆ’ ಎನ್ನುತ್ತಿದ್ದಾಳೆ, ಏನು ಬರುತ್ತದೋ ಎಂದು ಗಾಬರಿಯಾಗಿ ಉಪ್ಪು, ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆದು ಒಲೆಗೆ ಹಾಕಿದರು. ಮೆಣಸಿನಕಾಯಿ ಘಾಟು ಹತ್ತಿದರೆ ದೃಷ್ಟಿ ಇಲ್ಲವೆಂದು ಲೆಕ್ಕ. ಮನೆಯವರೆಲ್ಲ ಕೆಮ್ಮಿ ಕೆಮ್ಮಿ ಹೊರಗೆ ಓಡಿದೆವು. ನನಗೆ ಯಾರ ಕಣ್ಣೂ ಬಿದ್ದಿಲ್ಲವೆಂದು ತಿಳಿದು ಅತ್ತೆಗೆ ಸಮಾಧಾನವಾಯಿತು.

ಇನ್ನು ಈಗಿನ ಕಾಲದ, ಕೇಳಿದ್ದನ್ನೆಲ್ಲ ಬರೆದುಕೊಡುವ ಯಂತ್ರ. ಅದನ್ನು ಏನು ಕೇಳಿದರೂ ‘ಎಷ್ಟು ಒಳ್ಳೆಯ ಪ್ರಶ್ನೆ!’ ಎನ್ನುತ್ತದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮನೆಯಲ್ಲಿ ನನ್ನ ಪ್ರಶ್ನೆಗಳನ್ನು ಯಾರೂ ಹಾಗೆ ಹೊಗಳಿರಲಿಲ್ಲ. ಅರ್ಧ ನಿಮಿಷದಲ್ಲಿ ಪ್ರೋಗ್ರಾಂ ಬರೆದುಕೊಟ್ಟಿತು, ಅದು ನಡೆಯಿತು ಕೂಡ. ಯಾಕೆ ನಡೆಯಿತು ಎಂದು ನನಗೆ ತಿಳಿಯಲಿಲ್ಲ. ಪಕ್ಕದ ಮನೆಯವರ ರೊಟ್ಟಿ ತಂದು ನನ್ನ ಕೈಯದೆಂದು ಬಡಿಸಿದಂತಾಗಿ, ಅದನ್ನು ಅಳಿಸಿ ಮುಚ್ಚಿಟ್ಟೆ.

ಆ ವಾರವೇ ನೀಲಮ್ಮ ಮನೆಗೆ ಬಂದಳು. ಹನ್ನೆರಡು ಹೆಣ್ಣುಮಕ್ಕಳ ರೊಟ್ಟಿ ಕೇಂದ್ರ ನಡೆಸುವವಳು. ಯಾವುದೋ ಅರ್ಜಿ ತುಂಬಿಸಲು ಬಂದವಳು ಕೂತು ಗೋಳು ತೋಡಿಕೊಂಡಳು. ಕೇಂದ್ರದಲ್ಲಿ ಒಂದೊಂದು ಒಲೆಗೆ ಇಬ್ಬಿಬ್ಬರು, ಒಬ್ಬಳು ರೊಟ್ಟಿ ಬಡಿಯುವುದು, ಇನ್ನೊಬ್ಬಳು ಹಂಚಿನ ಮೇಲೆ ಬೇಯಿಸುವುದು. ಯಾರ ಜೋಡಿ ಯಾರು ಎಂದು ದಿನಾ ಬದಲಿಸಿ ಹೇಳುವುದು ಅವಳ ಕೆಲಸ.

“ಏನ್ ಮಾಡಿದ್ರೂ ತಪ್ಪೇ ನೋಡ್ರಿ ಅಕ್ಕಾರ. ತನ್ನವರಿಗಿ ಛಲೋ ಒಲಿ ಕೊಟ್ಟಳು ಅಂತಾರ. ಮ್ಯಾಲ ಮಾತು ಬಿಟ್ಟವರನ್ನ ಒಂದೇ ಒಲಿಗಿ ಕೂಡಸೂ ಹಂಗಿಲ್ಲ. ಕಾಶೀಬಾಯಿ, ಮಹಾದೇವಿ ನೆಗೆಣ್ಣಿ ಆಗಬೇಕು, ಅಣ್ಣತಮ್ಮಂದಿರ ಹೆಂಡರು. ಆರು ವರ್ಷ ಆಯ್ತು, ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲ. ಇಂಥಾವು ನಮ್ಮಲ್ಲಿ ಒಂಬತ್ತು ಜೋಡಿ ಅವ.”

“ಅದನ್ನ ಕಂಪ್ಯೂಟರ್ ಹೇಳಿದ್ರ ನಡೀತದೇನು?” ಎಂದೆ. ಬಾಯಿ ತಲೆಯನ್ನು ಕೇಳದೆ ಆಡಿತ್ತು.

“ಅದು ಹೇಳಿದ್ರ ಯಾರು ಜಗಳಾ ತಗೀತಾರ್ರಿ! ಅದಕ್ಕೇನು ಬೀಗರು, ಬಿಜ್ಜರು?”

ನೀಲಮ್ಮ ಹನ್ನೆರಡು ಹೆಸರು ಬರೆಸಿದಳು. ಮಾತು ಬಿಟ್ಟ ಒಂಬತ್ತು ಜೋಡಿಗಳ ಪಟ್ಟಿಯನ್ನು ತಡವರಿಸದೆ ಹೇಳಿದಳು. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಹೊಲಕ್ಕೆ ಬುತ್ತಿ ಕಟ್ಟುವವರೆಲ್ಲ ರೊಟ್ಟಿಗೆ ಹೇಳಿಟ್ಟಿದ್ದರಿಂದ ಬೇಗ ಬೇಕಾಗಿತ್ತು.

ಬರೆಯಲು ಕೂತಾಗ ನನಗೆ ನೆನಪಾದದ್ದು ಹೈದರಾಬಾದ್ ಅಲ್ಲ, ವಾಡಿ. ನಮ್ಮಪ್ಪ ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು, ರೈಲಿಗೆ ಹಳಿ ಬದಲಿಸಿಕೊಡುವ ಕೆಲಸ. ಕ್ವಾರ್ಟರ್ಸಿನ ನೆಲಕ್ಕೆ ಶಹಾಬಾದಿನ ಕಲ್ಲು ಹಾಸಿದ್ದರು. ಮೇ ತಿಂಗಳಲ್ಲೂ ಹೊಟ್ಟೆ ಅಡಿ ಮಾಡಿ ಮಲಗಿದರೆ ತಂಪು. ಕಲ್ಲಿಗೆ ಕಲ್ಲು ಕೂಡುವ ಗೆರೆಗಳೇ ನನ್ನ ಹಳಿ, ಹುಣಸೆ ಬೀಜಗಳೇ ರೈಲು. ಈ ಗಾಡಿ ಸೇಡಂ ಮೇಲೆ ಹೈದರಾಬಾದಿಗೆ ಹೋಗುವುದಾದರೆ ಎಡಕ್ಕೆ, ಇಲ್ಲದಿದ್ದರೆ ನೆಟ್ಟಗೆ. ಕಾಲೇಜಿನಲ್ಲಿ ಇದನ್ನೇ ದೊಡ್ಡ ಹೆಸರಿಟ್ಟು ಒಂದು ವಾರ ಪಾಠ ಮಾಡಿದರು. ಅಡುಗೆಮನೆಯಿಂದ ಅವ್ವ ಒಂದು ಬೀಜ ಒದ್ದುಕೊಂಡು ಹೋದರೆ ಅವತ್ತು ದೊಡ್ಡ ರೈಲು ಅಪಘಾತ. ಅಪ್ಪ ಡ್ಯೂಟಿ ಮುಗಿಸಿ ಬಂದು ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. “ಹಳಿ ಬದಲ ಮಾಡೋದು ದೊಡ್ಡ ಕೆಲಸಲ್ಲವ್ವಾ. ಮಾಡಿದ ಮ್ಯಾಲ ತಿರುಗಿ ನೋಡಬೇಕು, ಖರೇನ ಕುಂತದೋ ಇಲ್ಲೋ ಅಂತ” ಎನ್ನುತ್ತಿದ್ದರು.

ಹುಣಸೆ ಬೀಜ ನೆನಪಾದ ಮೇಲೆ ಬರವಣಿಗೆ ಸಾಗಿತು. ವಿಡಿಯೊ ಮುಚ್ಚಿದೆ. ಇವಳು ಇವಳ ಜೊತೆ ಮಾತು ಬಿಟ್ಟಿದ್ದಾಳೆಯೆ, ಹೌದಾದರೆ ಆ ಕಡೆ, ಇಲ್ಲದಿದ್ದರೆ ಈ ಕಡೆ. ನಾಲ್ಕನೆಯ ದಿನ ಮಧ್ಯಾಹ್ನ ಕೆಂಪು ಅಕ್ಷರ ಬರುವುದು ನಿಂತು, ಆರು ಒಲೆಗೆ ಆರು ಜೋಡಿ ಹೆಸರು ಪರದೆಯ ಮೇಲೆ ಮೂಡಿದವು. ಮಾಳಿಗೆಯ ಮೇಲೆ ಒಬ್ಬಳೇ ಚಪ್ಪಾಳೆ ತಟ್ಟಿದೆ. ಕೆಂಪು ಬರದಿದ್ದರೆ ಸರಿ ಇದೆ ಎಂದು ನಂಬುವುದು ಬಹಳ ಕಾಲ ಅಂಜಿದವರ ಗುಣ. ತಿರುಗಿ ನೋಡಲಿಲ್ಲ. ಒಂದು ವಾರದ ಜೋಡಿಗಳನ್ನು ಮುದ್ರಿಸಿ ನೀಲಮ್ಮನಿಗೆ ಕೊಟ್ಟು, ತಪ್ಪೇನಾದರೂ ಕಿವಿಗೆ ಬಿದ್ದೀತೆಂದು ಆ ರಸ್ತೆಯಲ್ಲೇ ಅಡ್ಡಾಡುವುದನ್ನು ಬಿಟ್ಟೆ.

ವಾರ ಕಳೆದು ನೀಲಮ್ಮನದೇ ಫೋನ್ ಬಂತು. “ಅಕ್ಕಾರ, ಭಾಳ ಅಂದ್ರ ಭಾಳ ಛಲೋ ಅದರಿ ನಿಮ್ಮ ಕಂಪ್ಯೂಟರ್. ದಿನಕ್ಕ ಎರಡು ಬುಟ್ಟಿ ರೊಟ್ಟಿ ಹೆಚ್ಚಿಗಿ ಆಗ್ಲಿಕತ್ತಾವ!” ನನ್ನ ಕಾಲು ನೆಲದ ಮೇಲಿರಲಿಲ್ಲ. ಫರ್ಜಾನಾಗೆ ಕಾಗದ ಬರೆದೆ, ಪ್ರೋಗ್ರಾಂ ಲಗತ್ತಿಸಿದೆ. ಕಳಿಸುವ ಮುಂಚೆ ಕೇಂದ್ರದ ಒಂದು ಫೋಟೊ ಸೇರಿಸಿದರೆ ಚೆಂದವೆಂದು, ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊಗಳಿಸಿಕೊಳ್ಳಲು ಹೊರಟೆ.

ಒಳಗೆ ಕಾಲಿಟ್ಟಾಗ ಏನೋ ಸರಿಯಿಲ್ಲ ಅನ್ನಿಸಿತು. ಹನ್ನೆರಡು ಹೆಣ್ಣುಮಕ್ಕಳು ಕೂತ ಜಾಗದಲ್ಲಿ ಒಂದೂ ಮಾತಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ, ಅದೂ ಹಿಟ್ಟಿನ ಮೇಲೆ ಯಾವುದೋ ಹಗೆ ತೀರಿಸಿಕೊಳ್ಳುವ ಹಾಗೆ. ಮೊದಲ ಒಲೆಯ ಹತ್ತಿರ ಕೂತೆ. ಬಡಿಯುತ್ತಿದ್ದವಳು ತಲೆ ಎತ್ತದೆ ನನಗೆ ಹೇಳಿದಳು: “ಆಕಿಗಿ ಹೇಳ್ರಿ, ಉರಿ ಸಣ್ಣ ಮಾಡು ಅಂತ.”

‘ಆಕಿ’ ಕೂತಿದ್ದದ್ದು ಒಂದು ಮೊಳ ದೂರದಲ್ಲಿ. ನಾನು ಹೇಳಿದೆ.

“ಉರಿ ಸರಿ ಅದ. ರೊಟ್ಟಿ ದಪ್ಪ ಬಡದಾಳ, ತೆಳ್ಳಗ ಬಡಿ ಅಂತ ಹೇಳ್ರಿ ಆಕಿಗಿ.”

ಅದನ್ನೂ ಹೇಳಿದೆ. ಐದು ನಿಮಿಷ ನಾನು ತಂತಿಯ ಕೆಲಸ ಮಾಡಿದ ಮೇಲೆ, ಬಡಿಯುತ್ತಿದ್ದವಳು ಕಾಶೀಬಾಯಿ, ಬೇಯಿಸುತ್ತಿದ್ದವಳು ಮಹಾದೇವಿ ಎಂದು ತಿಳಿಯಿತು. ಪಕ್ಕದ ಒಲೆಯವರ ಹೆಸರು ಕೇಳಿದೆ, ಅವರೂ ಪಟ್ಟಿಯಲ್ಲಿದ್ದರು. ಅದರಾಚೆಯವರೂ. ಆರೂ ಒಲೆಗಳಲ್ಲಿ ನಾನು ಹುಡುಕಿ ಹುಡುಕಿ ಶತ್ರುಗಳನ್ನೇ ಕೂಡಿಸಿದ್ದೆ. ಹರಟೆ ಇಲ್ಲದ್ದಕ್ಕೆ, ಒಬ್ಬರ ಮೇಲಿನ ಹಟಕ್ಕೆ ಒಬ್ಬರು ಬಡಿದದ್ದಕ್ಕೆ, ಎರಡು ಬುಟ್ಟಿ ರೊಟ್ಟಿ ಹೆಚ್ಚಾಗಿತ್ತು. ಕಂಪ್ಯೂಟರಿಗೆ ದೂರು ಹೇಳಿದರೆ ವೈರಿಯ ಎದುರು ಸೋತಂತೆ ಎಂದು ಯಾರೂ ತುಟಿ ಬಿಚ್ಚಿರಲಿಲ್ಲ.

ಫೋಟೊ ತೆಗೆಯದೆ ಮನೆಗೆ ಬಂದೆ. ನೇರವಾಗಿ ಮಾಳಿಗೆ ಹತ್ತಿ, ನಾನು ಬರೆದ ಸಾಲುಗಳನ್ನು ಒಂದೊಂದಾಗಿ ಓದಿದೆ. ಹದಿನೇಳನೆಯ ಸಾಲಿನಲ್ಲಿ ಸಿಕ್ಕಿತು. ‘ಮಾತು ಬಿಟ್ಟಿದ್ದರೆ ಬೇರೆ ಮಾಡು’ ಎನ್ನಬೇಕಾದಲ್ಲಿ ‘ಮಾತು ಬಿಟ್ಟಿದ್ದರೆ ಕೂಡಿಸು’ ಎಂದು ಬರೆದಿದ್ದೆ. ಯಾವ ‘ಗೆಳೆಯರೇ’ ಎನ್ನುವವನನ್ನೂ ಕೇಳಲಿಲ್ಲ, ಯಾವ ಯಂತ್ರದ ಹೊಗಳಿಕೆಯೂ ಬೇಕಾಗಲಿಲ್ಲ. ನಾನೇ ಹುಡುಕಿದೆ, ನಾನೇ ಕಂಡೆ. ವಿಚಿತ್ರವೆಂದರೆ ಪ್ರೋಗ್ರಾಂ ನಡೆದ ದಿನಕ್ಕಿಂತ ಅದರ ತಪ್ಪು ಸಿಕ್ಕ ದಿನ ನನಗೆ ಹೆಚ್ಚು ಖುಷಿಯಾಯಿತು. ಎಷ್ಟೋ ವರ್ಷ ಮಾತು ಬಿಟ್ಟವರು ಎದುರೆದುರು ಬಂದು ‘ಊಟ ಆಯ್ತಾ’ ಎಂದಂತಾಯಿತು.

ಸಂಜೆಯೇ ನೀಲಮ್ಮನಿಗೆ ಹೇಳಿದೆ. ಅವಳು ಹೌಹಾರಿದಳು.

“ತಿದ್ದಬ್ಯಾಡ್ರಿ ಅಕ್ಕಾರ, ನಿಮಗ ಕೈ ಮುಗೀತೀನಿ! ನನಗ ಮೊದಲ ದಿನಾನೇ ಗೊತ್ತಾಗಿತ್ತು, ರೊಟ್ಟಿ ಹೆಚ್ಚಿಗಿ ಆದವಂತ ಬಾಯಿ ಬಿಡಲಿಲ್ಲ. ತಪ್ಪಿದ್ರೇನಾಯ್ತು, ಕೆಲಸ ನಡದದಲ್ಲ?”

“ಅದು ಉಲ್ಟಾ ಅದ ನೀಲಮ್ಮ. ನಾನು ಅದನ್ನ ಹೈದರಾಬಾದಿಗಿ ಕಳಸಬೇಕು.”

“ಹೈದರಾಬಾದಿನವರಿಗಿ ಸುಲ್ಟಾ ಕಳಸ್ರಿ. ನಮಗ ಉಲ್ಟಾನೇ ಇರ್ಲಿ.”

ಫರ್ಜಾನಾ ಕೇಳಿದ್ದು ಜನ ಉಪಯೋಗಿಸುವ ಪ್ರೋಗ್ರಾಂ. ಜನ ಉಪಯೋಗಿಸುವುದು ತಪ್ಪಾದದ್ದನ್ನು, ಸರಿಯಾದದ್ದು ಯಾರಿಗೂ ಬೇಡ. ತಪ್ಪಾದದ್ದನ್ನೇ ಕಳಿಸಿದರೆ ಹೈದರಾಬಾದಿನಲ್ಲಿ ಕೂತವರಿಗೆ ಕಾಶೀಬಾಯಿ ಯಾರು, ಮಹಾದೇವಿ ಯಾರು? ಸೊಗಸಾಗಿ ಒಪ್ಪಿಕೊಳ್ಳುತ್ತಿದ್ದರು. ಯಜಮಾನರೂ “ಕಳಸಿಬಿಡು, ಯಾರು ನೋಡ್ತಾರ” ಎಂದರು. ಸರಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದ ಅನುಭವ. ನನಗೆ ಮಾತ್ರ ಮನಸ್ಸು ಬರಲಿಲ್ಲ. ತಪ್ಪನ್ನು ಕಳಿಸಿ ಕೆಲಸ ಗಿಟ್ಟಿಸಿದರೆ, ನನಗೆ ಬರುತ್ತದೆಯೋ ಇಲ್ಲವೋ ಎಂಬುದು ಮತ್ತೆ ಗೊತ್ತಾಗದೇ ಉಳಿಯುತ್ತಿತ್ತು. ತಿಂಗಳ ಕೊನೆಗೆ ಎಂಟೇ ದಿನಗಳಿದ್ದವು.

ಎಳ್ಳಮಾವಾಸ್ಯೆ ಮುಗಿದ ಮರುದಿನ ನೀಲಮ್ಮ ಏದುಸಿರು ಬಿಡುತ್ತ ಬಂದಳು.

“ಅಕ್ಕಾರ, ಇವತ್ತೇ ತಿದ್ರಿ! ಮಾತಾಡ್ಲಿಕತ್ತಾರ!”

“ಯಾರು?”

“ಎಲ್ಲಾರೂ! ಮೊದಲ ಶುರು ಮಾಡಿದಾಕಿ ಕಾಶೀಬಾಯಿ. ‘ಈ ಕಂಪ್ಯೂಟರ್ ಅಕ್ಕನ ತಲಿ ಸರಿ ಇದ್ದಂಗ ಇಲ್ಲ’ ಅಂದಳು. ಮಹಾದೇವಿ ‘ಖರೇ ನೋಡವ್ವಾ’ ಅಂದಳು. ಮುಗೀತು. ನಿಮ್ಮನ್ನ ಬೈಲಿಕತ್ತವರು ಇನ್ನಾ ನಿಂತಿಲ್ಲ. ಆರು ವರ್ಷದ ಮಾತು ಒಟ್ಟಿಗೇ ಆಡ್ಲಿಕತ್ತಾರ. ರೊಟ್ಟಿ ಸೀದು ಹೋಗ್ಲಿಕತ್ತಾವ!”

ಅವಳ ಕಣ್ಣೆದುರೇ ತಿದ್ದಿ, ಸರಿಯಾದ ಜೋಡಿಗಳನ್ನು ಮುದ್ರಿಸಿ ಕೊಟ್ಟೆ. ಈ ಸಲ ಪ್ರತಿ ಜೋಡಿಯನ್ನೂ ಪಟ್ಟಿಯೊಂದಿಗೆ ತಾಳೆ ನೋಡಿದೆ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಕಾಶೀಬಾಯಿ ಮತ್ತು ಮಹಾದೇವಿ, ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರು.

“ನಮ್ಮಿಬ್ಬರನ್ನ ಯಾಕ ಬ್ಯಾರೆ ಮಾಡೀರಿ?” ಎಂದಳು ಕಾಶೀಬಾಯಿ.

“ನೀವು ಮಾತು ಬಿಟ್ಟೀರಂತ ಪಟ್ಟಿಯಾಗ ಅದ.”

“ಅದು ಹಳೇದ್ರಿ. ತಗೀರಿ ಅದನ್ನ.”

ಇಬ್ಬರೂ ಮಾಳಿಗೆಗೆ ನನ್ನ ಹಿಂದೆಯೇ ಬಂದು, ಬೆನ್ನ ಹಿಂದೆ ನಿಂತರು. ಇಬ್ಬರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ತಿಂಗಳ ಹಿಂದಾಗಿದ್ದರೆ ಕೀಲಿಗಳ ಮೇಲೆ ಬೆರಳೇ ಆಡುತ್ತಿರಲಿಲ್ಲ. ಪಟ್ಟಿ ತೆರೆದೆ, ಅವರ ಹೆಸರಿನ ಸಾಲು ಅಳಿಸಿದೆ, ನಡೆಸಿದೆ. ಎರಡನೆಯ ಒಲೆಗೆ ಕಾಶೀಬಾಯಿ, ಮಹಾದೇವಿ ಎಂದು ಬಂತು.

“ಇಷ್ಟೇ ಏನ್ರಿ?” ಎಂದಳು ಮಹಾದೇವಿ.

“ಇಷ್ಟೇ.”

“ಇಷ್ಟ ಸಣ್ಣ ಕೆಲಸಕ್ಕ ನೀವು ಹದಿಮೂರು ವರ್ಷ ಅಂಜಿ ಕುಂತಿದ್ರಾ?” ನಮ್ಮ ಅತ್ತೆ ಓಣಿಗೆ ಮುಟ್ಟಿಸದ ಸುದ್ದಿ ಯಾವುದು?

ನನಗೆ ಸಿಟ್ಟು ಬಂತು. “ನೀವಿಬ್ಬರು ಆರು ವರ್ಷ ಮಾತು ಬಿಟ್ಟಿದ್ದು ಯಾವ ದೊಡ್ಡ ಕೆಲಸಕ್ರಿ?”

ಇಬ್ಬರೂ ಮುಖ ಮುಖ ನೋಡಿಕೊಂಡರು.

“ಒಂದು ಹಂಚಿನ ಸಲುವಾಗ್ರಿ,” ಎಂದಳು ಮಹಾದೇವಿ.

“ಅದೂ ಒಡದ ಹಂಚು,” ಎಂದಳು ಕಾಶೀಬಾಯಿ.

ಅವರು ಮೆಟ್ಟಿಲಿಳಿದು ಹೋದ ಮೇಲೆ ಫರ್ಜಾನಾಗೆ ಬರೆದಿಟ್ಟಿದ್ದ ಕಾಗದ ತೆಗೆದೆ. ಮೊದಲ ವಾರ ಆದ ತಪ್ಪು, ಅದು ಸಿಕ್ಕ ಬಗೆ, ಎರಡು ಬುಟ್ಟಿ ರೊಟ್ಟಿ, ಏನನ್ನೂ ಮುಚ್ಚದೆ ಸೇರಿಸಿ ಕಳಿಸಿದೆ. ಸಂಜೆ ಅವಳ ಫೋನ್ ಬಂತು.

“ಸೋಮವಾರದಿಂದ ಕುಂದ್ರು. ಮತ್ತ ಕೇಳು, ಆ ಉಲ್ಟಾ ಪ್ರೋಗ್ರಾಂ ಇದ್ರ ಅದನ್ನೂ ಕಳಸು. ಇಲ್ಲಿ ಹನ್ನೊಂದು ಮಂದಿ ಇದ್ದೀವಿ, ಯಾರೂ ಯಾರ ಸಂಗಟ ಮಾತಾಡಂಗಿಲ್ಲ. ನೀ ಬಂದ್ರ ಜೋಡಿ ಸರಿ ಹೋಗ್ತದ.”

ಅದನ್ನು ನಾನು ಅಳಿಸಿಹಾಕಿದ್ದೆ. ಲ್ಯಾಪ್‌ಟಾಪ್ ತೆರೆದು ಆ ತಪ್ಪನ್ನು ಇನ್ನೊಮ್ಮೆ ಬರೆದೆ. ಎರಡು ನಿಮಿಷ ಹಿಡಿಯಿತು. ಈ ಸಲ ಬೇಕೆಂದೇ ಬರೆದೆ.